ಗುಡ್ಡ ಇಳಿದರೆ ಕಡಲು, ಕಡಲು ಮುಗಿದರೆ ಗುಡ್ಡ

ಕುಮಟಾದಿಂದ ಗೋಕರ್ಣಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಕಡಲು ಸಿಗುವುದಿಲ್ಲ. ಬಸ್ಸು ಹೆದ್ದಾರಿಯಲ್ಲಿ ಮಿರ್ಜಾನಿನ ಕಡೆ ಒಳಸರಿದು, ಸೇತುವೆಯ ಮೇಲೆ ಅಘನಾಶಿನಿ ಹೊಳೆಯನ್ನು ದಾಟಿ, ಮಾದನಗೇರಿಯಲ್ಲಿ ಎಡಕ್ಕೆ ಹೊರಳಿ ಊರು ಮುಟ್ಟುತ್ತದೆ. ಕಡಲಂಚಿನಲ್ಲೇ ಸಾಗುವ ಇನ್ನೊಂದು ದಾರಿ ಕಾಲುದಾರಿ. ಸುಮಾರು ಇಪ್ಪತ್ತೈದು ಕಿಲೋಮೀಟರ್. ಈಚಿನ ವರ್ಷಗಳಲ್ಲಿ ಬೆಂಗಳೂರು, ಹುಬ್ಬಳ್ಳಿಯ ಹುಡುಗರು ಬೆನ್ನಿಗೆ ಚೀಲ ಏರಿಸಿಕೊಂಡು ಇದಕ್ಕೆ ‘ಬೀಚ್ ಟ್ರೆಕ್’ ಎನ್ನುತ್ತಾರೆ. ಅರ್ಧ ದಾರಿ ಗುಡ್ಡದ ಮೇಲೆಯೇ ಸಾಗುತ್ತದೆ ಎಂಬುದು ಅವರಿಗೆ ಮೊದಲ ಏರಿನಲ್ಲಿ ಗೊತ್ತಾಗುತ್ತದೆ.

ನಡಿಗೆ ಶುರುವಾಗುವುದು ವನ್ನಳ್ಳಿಯಲ್ಲಿ. ಕುಮಟಾ ಪೇಟೆಗೆ ಹತ್ತಿರದ ಊರು. ಗದ್ದೆಗಳಲ್ಲಿ ಈರುಳ್ಳಿ ಈಗ ಇನ್ನೂ ಸಸಿ. ಬೇಸಿಗೆ ಹೊತ್ತಿಗೆ ಇವೇ ಕೆಂಪು ಸಿಹಿ ಈರುಳ್ಳಿಗಳು ಜಡೆಯಂತೆ ಹೆಣೆಸಿಕೊಂಡು ಹಂದಿಗೋಣ, ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ನೇತಾಡುತ್ತವೆ. ಗದ್ದೆ ಮುಗಿದಲ್ಲಿ ಕಡಲಿಗೆ ಮೂತಿ ಚಾಚಿದ ಗುಡ್ಡ, ಹೆಡ್ ಬಂದರ್. ಸಂಜೆ ಗಾಳಿ ತಿನ್ನಲು ಬರುವ ಜಾಗವಾಗಿ ಉಳಿದಿರುವ ಈ ಬಂದರು ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ಹತ್ತಿ ಮಾರುಕಟ್ಟೆಗೆ ಪರಿಚಿತವಾಗಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಗೆ ಬಂದು, ಹಾಯಿಹಡಗು ಏರಿ ಮುಂಬೈಗೆ ಹೋಗುತ್ತಿತ್ತು. ಕುಮಟೆಯಲ್ಲಿ ಒಂದು ಎಳೆ ಹತ್ತಿಯೂ ಬೆಳೆಯದಿದ್ದರೂ ಇಂಗ್ಲೆಂಡಿನ ಗಿರಣಿಗಳಿಗೆ ಅದು ‘ಕುಮಟಾ ಹತ್ತಿ’. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿಯದಕ್ಕೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಆಮೇಲೆ ರೈಲು ಮುರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು.

ಗುಡ್ಡದ ನೆತ್ತಿಯಲ್ಲಿ ಕಾಲಿಗೆ ಸಿಗುವುದು ಚಿರೇಕಲ್ಲು. ಇಡೀ ದಾರಿಯಲ್ಲಿ ಗಮನವಿಟ್ಟು ನೋಡಬೇಕಾದದ್ದು ಇದನ್ನು. ಕಡಲನ್ನು ನೋಡಿ ಎಂದು ಯಾರಿಗೂ ಬೇರೆ ಹೇಳಬೇಕಿಲ್ಲ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದೊಯ್ದ ಮೇಲೆ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಗಟ್ಟಿಯಾದ ತೂತು ತೂತಿನ ಕೆಂಪು ಕಲ್ಲು. ನೆಲದೊಳಗಿದ್ದಾಗ ಕೊಡಲಿಗೂ ಮಣಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಬಿರುಸು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಗುರುತಿಸಿ, ಅಲ್ಲಿಂದ ಉತ್ತರಕ್ಕೆ ಹೊರಟು 1801ರಲ್ಲಿ ಇದೇ ಕರಾವಳಿಯನ್ನು ಹಾದುಹೋದ. ಇಲ್ಲಿನ ಮನೆ, ಬಾವಿ, ಪಾಗಾರ ಎಲ್ಲವೂ ಈ ಕಲ್ಲಿನವೇ. ಕಲ್ಲು ತೆಗೆದ ಚೌಕ ಗುಂಡಿಗಳಲ್ಲಿ ಮಳೆನೀರು ನಿಂತು ಹಸಿರುಗಟ್ಟಿದೆ. ಮಳೆಗಾಲದಲ್ಲಿ ಇಂಥ ಬೋಳು ಹಾಸುಗಲ್ಲಿನ ಮೇಲೆ ಕೀಟ ಹಿಡಿದು ತಿನ್ನುವ ಬೆರಳುದ್ದದ ಗಿಡಗಳೂ ಹೂ ಬಿಡುತ್ತವೆ. ಆಗ ಈ ದಾರಿಯಲ್ಲಿ ಯಾರೂ ಬರುವುದಿಲ್ಲ, ಬರಲೂ ಬಾರದು.

ನೆತ್ತಿಯಿಂದ ಇಳಿಯುತ್ತ ಮರಗಳು ಸಿಗುತ್ತವೆ. ಗೇರು, ಕಾಸರಕ, ಕೌಲು, ನಡುನಡುವೆ ಕೌಳಿ ಹಣ್ಣಿನ ಮುಳ್ಳುಮೆಳೆ. ಕಡಲ ಗಾಳಿಗೆ ಒಂದೂ ನೆಟ್ಟಗೆ ನಿಂತಿಲ್ಲ. ಎಲ್ಲ ಮರಗಳೂ ಮೂಡಣಕ್ಕೆ ವಾಲಿವೆ. ಅರಣ್ಯ ಇಲಾಖೆಯವರು ಬೋಳು ಗುಡ್ಡಗಳಿಗೆ ತೊಡಿಸಿದ ಅಕೇಶಿಯಾ ಅಲ್ಲಲ್ಲಿ ಸಾಲುಗಟ್ಟಿದೆ. ಅದರ ನೆರಳಲ್ಲಿ ನಡೆಯಲು ಹಿತ, ಆದರೆ ಸದ್ದೇ ಇಲ್ಲದ ಕಾಡು ಅದು. ಹಕ್ಕಿ ಬೇಕಾದರೆ ಗೇರು ಹಕ್ಕಲಕ್ಕೇ ಹೋಗಬೇಕು.

ಗುಡ್ಡದ ಬುಡದಲ್ಲಿ ಕಡ್ಲೆ ಕಿನಾರೆ. ಇಲ್ಲಿ ನಿಂತು ಎರಡೂ ಕಡೆ ನೋಡಿದರೆ ಈ ಕರಾವಳಿಯ ಕಟ್ಟೋಣ ತಿಳಿಯುತ್ತದೆ. ಉದ್ದಕ್ಕೂ ಒಂದೇ ಮರಳಿಲ್ಲ. ಕಡಲಿಗೆ ಚಾಚಿದ ಗುಡ್ಡಗಳು ಅಲೆಯ ಹೊಡೆತವನ್ನು ತಾವು ತಿನ್ನುತ್ತವೆ. ಗುಡ್ಡದ ಮೂತಿ ಸುತ್ತಿ ಬಾಗಿ ಬರುವ ಅಲೆ ಕೊಲ್ಲಿಯೊಳಗೆ ಹರಡಿಕೊಂಡು ಬಲ ಕಳೆದುಕೊಳ್ಳುತ್ತದೆ, ಹೊತ್ತು ತಂದ ಮರಳನ್ನು ಅಲ್ಲೇ ಬಿಡುತ್ತದೆ. ಮಳೆಗಾಲದ ಕಡಲು ಆ ಮರಳನ್ನು ಒಳಗೆಳೆದುಕೊಂಡು, ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಹಿಂದಿರುಗಿಸುತ್ತದೆ. ಪ್ರವಾಸಿ ಚಿತ್ರಗಳಲ್ಲಿ ಕಾಣುವ ಒಂದೊಂದು ಅರ್ಧಚಂದ್ರದ ಹಿಂದೆಯೂ ಎರಡು ಗುಡ್ಡಗಳ ದುಡಿಮೆ ಇದೆ.

ಕಡ್ಲೆಯಿಂದ ಗುಡೇಅಂಗಡಿ, ಬಾಡ, ಕಾಗಾಲ. ಈ ಭಾಗ ಸಮತಟ್ಟು, ಉದ್ದ, ಮತ್ತು ಹೇಳಲು ಹೆಚ್ಚೇನಿಲ್ಲ. ಗಾಳಿಮರದ ತೋಪು, ದಡಕ್ಕೆಳೆದ ದೋಣಿಗಳು, ಮರಳನ್ನು ಹಿಡಿದಿಟ್ಟ ಅಡಂಬು ಬಳ್ಳಿ, ಒಣಗಲು ಹರವಿದ ಮೀನಿನ ವಾಸನೆ. ಬಾಡದ ಕಾಂಚಿಕಾ ಪರಮೇಶ್ವರಿ ಗುಡಿಯ ಕಡೆ ಹೊರಳಿದವರಿಗೆ ಕುಡಿಯುವ ನೀರು, ನೆರಳು ಎರಡೂ ಸಿಗುತ್ತವೆ. ಇಲ್ಲಿನ ಮರಳಿಗೆ ಹೊರಗಿನವರು ‘ನಿರ್ವಾಣ’ ಎಂದು ಹೆಸರಿಟ್ಟಿದ್ದಾರೆ. ಹತ್ತೂವರೆಯ ಬಿಸಿಲಲ್ಲಿ ಬರಿಗಾಲಲ್ಲಿ ನಡೆದವರಿಗೆ ಆ ಹೆಸರು ಯಾಕೆಂದು ಅರ್ಥವಾಗುವುದು ಕಷ್ಟ.

ಅಘನಾಶಿನಿ ಊರಿನ ಹತ್ತಿರ ಮತ್ತೆ ಗುಡ್ಡ. ಬಂಡೆಗಳ ಮೇಲೆ ಸುತ್ತಿ ಹೋಗಲು ಒಂದು ದಾರಿ ಕಂಡಿತು. ತಲೆಯ ಮೇಲೆ ದರಕಿನ (ಒಣಗಿದ ಎಲೆಯ) ಹೆಡಿಗೆ ಹೊತ್ತು ಎದುರಾದ ಹೆಂಗಸೊಬ್ಬರು ನನ್ನ ಬೂಟುಗಳನ್ನು ನೋಡಿ ನಿಂತರು.

“ಎಲ್ಲಿಗೆ ಹೊಂಟ್ರಿ?”

“ತಾರಿಗೆ ಅಮ್ಮಾ. ಹೀಗೇ ಹೋಗಬಹುದಾ?”

“ಭರ್ತಿ ಏರೂಕೆ ಹತ್ತದೆ ತಮಾ. ಕಲ್ಲ ಮೇಲೆ ಹೋಗ್ಬೇಡಿ, ಗುಡ್ಡದ ಮೇಲಿಂದ ಹೋಗಿ.”

ಅವರು ಹೇಳಿದ್ದು ಸೌದೆ, ದರಕು, ಗೇರುಬೀಜಕ್ಕಾಗಿ ಓಡಾಡುವವರು ಸವೆಸಿದ ದಾರಿ. ಈಗ ಮರಗಳಿಗೆ ಬಳಿದಿರುವ ಬಣ್ಣದ ಬಾಣಗಳು ಆಮೇಲೆ ಬಂದವು. ಬಾಣ ಕೆಲವೆಡೆ ದಾರಿ ತಪ್ಪಿಸುತ್ತದೆ, ದರಕು ಬಿದ್ದಿರುವ ಜಾಡು ತಪ್ಪಿಸುವುದಿಲ್ಲ.

ಗುಡ್ಡ ಇಳಿದಾಗ ಕಾಣುವ ಅಳಿವೆಯ ಎದುರು ಸ್ವಲ್ಪ ಹೊತ್ತು ಕೂರಬೇಕು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೂ ಅಣೆಕಟ್ಟು ಕಾಣದೆ ಕಡಲು ಸೇರುವ ಹೊಳೆ ಇದು. ಅಣೆಕಟ್ಟಿಲ್ಲದ ಕಾರಣ ಘಟ್ಟದ ಮಣ್ಣು ತಡೆಯಿಲ್ಲದೆ ಇಲ್ಲಿಗೆ ಇಳಿಯುತ್ತದೆ; ಸಿಹಿನೀರು, ಉಪ್ಪುನೀರು ತಮ್ಮ ತಮ್ಮ ಕಾಲಕ್ಕೆ ಬೆರೆಯುತ್ತವೆ. ಇಳಿತದಲ್ಲಿ ಎದ್ದ ದಿಬ್ಬಗಳ ಮೇಲೆ ಹೆಂಗಸರು ಬಗ್ಗಿ ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. ಹೊಳೆಯಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಅದಾದ ಮೇಲೆ ಸಿಗಡಿ, ಮೀನು. ಕಗ್ಗಕ್ಕೆ ಉಪ್ಪುನೀರು ನುಗ್ಗಿದರೂ ಭಯವಿಲ್ಲ, ದಿನಗಟ್ಟಲೆ ಮುಳುಗಿದರೂ ಸಾಯುವುದಿಲ್ಲ. ಆದರೆ ಒಡ್ಡು ಒಡೆದವು, ಬಿತ್ತುವವರು ಕಡಿಮೆಯಾದರು, ತಳಿ ಉಳಿದಿರುವುದು ಮಾಣಿಕಟ್ಟೆಯಂಥ ಕೆಲವು ಊರುಗಳ ಹಟದಿಂದ. ಎದುರು ದಡದ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಬರಬೇಕಿತ್ತು. ಊರವರು ಎದ್ದು ನಿಂತ ಮೇಲೆ ಬರಲಿಲ್ಲ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಬಳಚು ಆಯುವವರು ಪಟ್ಟಿಗಿಂತ ಬಹಳ ಮೊದಲೇ ಇದರ ಬೆಲೆ ಲೆಕ್ಕ ಹಾಕಿದ್ದರು.

ತಾರಿಯಲ್ಲಿ ಹೊಳೆ ದಾಟಿದರೆ ತದಡಿ, ಮೀನುಗಾರಿಕೆ ಬಂದರು. ಬಾರ್ಜಿನಲ್ಲಿ ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು ಎಲ್ಲ ಒಟ್ಟಿಗೆ. ಊಟಕ್ಕೆ ಇದೇ ಸರಿಯಾದ ಜಾಗ; ಮುಂದೆ ಅಗ್ಗದ ಊಟ ಸಿಗುವುದಿಲ್ಲ.

ಬೇಲೆಕಾನಿನಿಂದ ಆಚೆಗೆ ನಡಿಗೆಯ ಗುಣವೇ ಬದಲಾಗುತ್ತದೆ. ಗುಡ್ಡ ಕಡಲಿಗೆ ನೇರ ಬೀಳುತ್ತದೆ, ಕಾಲುದಾರಿ ಅದರ ಪಕ್ಕೆಗೆ ಅಂಟಿಕೊಂಡಿದೆ. ಪ್ಯಾರಡೈಸ್ ಮತ್ತು ಹಾಫ್ ಮೂನ್ ಎಂಬ ಪುಟ್ಟ ಕಿನಾರೆಗಳ ನಡುವೆ ಜಾರುವ ಕಪ್ಪು ಬಂಡೆಗಳು. ಕತ್ತಲಾದ ಮೇಲೆ, ಭರತದ ಹೊತ್ತಿನಲ್ಲಿ ಇಲ್ಲಿ ಹೋಗುವುದು ಧೈರ್ಯವಲ್ಲ, ದಡ್ಡತನ. ಮೇಲಿನ ಜಾಡಿನಲ್ಲಿ ನಿಂತರೆ ಗಿಡುಗವೋ ಎನ್ನಿಸುವ ಹಕ್ಕಿ ನಮ್ಮ ಕಣ್ಣಿನ ಮಟ್ಟದಲ್ಲೇ ತೇಲಿಹೋಗುತ್ತದೆ. ಬಿಳಿಯ ಹೊಟ್ಟೆಯ ಕಡಲಹದ್ದು. ಕೆಳಗಿನಿಂದ ನೋಡುವವರಿಗೆ ಅದರ ಬೂದು ಬೆನ್ನು ಕಾಣುವುದೇ ಇಲ್ಲ.

ಓಂ ಕಿನಾರೆಯೂ ಹಾಗೆಯೇ. ಮರಳಿಗಿಳಿದು ಎಷ್ಟು ತಿರುಗಿದರೂ ಆಕಾರ ತಿಳಿಯದು. ಎರಡು ಕಮಾನುಗಳ ಮಧ್ಯೆ ಬಂಡೆಯ ನಾಲಿಗೆ ಕಡಲಿಗೆ ಇಳಿದಿರುವುದು ಗುಡ್ಡದ ಮೇಲಿಂದ ಮಾತ್ರ ಕಾಣುತ್ತದೆ. ಕೆಳಗೆ ಅಂಗಡಿಗಳ ಸದ್ದು, ದೋಣಿ ಸವಾರಿಯ ಕೂಗು. ನಾನು ಒಂದು ಮುರುಗಲು ಶರಬತ್ತು ಕುಡಿದು ಮೇಲಕ್ಕೆ ಹತ್ತಿಬಿಟ್ಟೆ.

ಕುಡ್ಲೆ ದಾಟಿದ ಮೇಲಿನ ಗುಡ್ಡದ ಬಯಲಲ್ಲಿ ದಾರಿ ಮೊದಲಿದ್ದಂತಿಲ್ಲ. ಜಾಡಿಗೆ ಅಡ್ಡವಾಗಿ ತಂತಿಬೇಲಿ, ಒಳಗೆ ಕಟ್ಟಡದ ತಳಪಾಯ. ಮರಳನ್ನು ಕಾಯಲು 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ. ಉಬ್ಬರದ ಗೆರೆಯಿಂದ ಅಳೆಯುತ್ತ ಬರುವ ಆ ನಿಯಮ ಗುಡ್ಡದ ನೆತ್ತಿ ಮುಟ್ಟುವ ಹೊತ್ತಿಗೆ ಸಡಿಲಗೊಂಡಿರುತ್ತದೆ. ಕಿನಾರೆಗೆ ಯಾರೂ ಬೇಲಿ ಹಾಕಲಾರರು. ಆದರೆ ಒಂದು ಕಿನಾರೆಯಿಂದ ಇನ್ನೊಂದಕ್ಕೆ ಹೋಗುವ ಗುಡ್ಡಕ್ಕೆ ಹಾಕಿದರೆ ಸಾಕು, ಈ ದಾರಿ ತುಂಡಾಯಿತು.

ಬೇಲಿ ಬಳಸಿ ಇಳಿದರೆ ರಾಮತೀರ್ಥ. ಕಡಲು ಅಷ್ಟು ಹತ್ತಿರವಿದ್ದೂ ನೀರು ಸಿಹಿ. ಚಿರೇಕಲ್ಲಿನ ತೂತುಗಳು ಕುಡಿದ ಮಳೆ ಗುಡ್ಡದೊಳಗೆ ಇಳಿದು ಬುಡದಲ್ಲಿ ಹೊರಬರುವುದು ಈ ಕರಾವಳಿಯ ಒರತೆಗಳ ರೀತಿ. ಬಾಟಲಿ ತುಂಬಿಸಿಕೊಂಡು ಮೆಟ್ಟಿಲಿಳಿದರೆ ಗೋಕರ್ಣದ ದೊಡ್ಡ ಕಿನಾರೆ, ಅಲ್ಲಿಂದ ರಥಬೀದಿ. ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಬೆಳಕು ಹರಿಯುವ ಮೊದಲೇ ವನ್ನಳ್ಳಿ ಬಿಡಿ, ಭರತ-ಇಳಿತದ ಹೊತ್ತನ್ನು ಮೀನುಗಾರರಲ್ಲಿ ಕೇಳಿಕೊಳ್ಳಿ. ಒಂದೇ ದಿನಕ್ಕೆ ಆಗದಿದ್ದರೆ ತದಡಿಯಲ್ಲಿ ಮುರಿದುಕೊಳ್ಳಿ. ಅಲ್ಲಿಂದ ಗೋಕರ್ಣಕ್ಕೆ ಬಸ್ಸಿದೆ.