ಪಾಲಕ್ ಜೀನ್, ಕಿತ್ತಳೆ ಮರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಿತ್ತಿಲಲ್ಲಿ ನಿಂಬೆನೋ ಕಂಚಿನೋ ಇದ್ದೇ ಇರುತ್ತೆ. ಎಲೆ ಮೇಲೆ ಒರಟು ಕಂದು ಚುಕ್ಕೆ ಎದ್ದರೆ ಅದು ಕಜ್ಜಿ ರೋಗ. ಮಳೆಹನಿ ಸಿಡಿದೇ ಹಬ್ಬುತ್ತೆ. ಕರಾವಳಿ ಮಳೆ ಗೊತ್ತಲ್ಲ!

ಆದರೆ ಮರವನ್ನೇ ಕೊಲ್ಲೋದು ಗ್ರೀನಿಂಗ್. ಸಿಲ್ಲಿಡ್ ಎಂಬ ಪುಟ್ಟ ಕೀಟ ರಸ ಹೀರುವಾಗ ಬ್ಯಾಕ್ಟೀರಿಯಾ ಬಿಟ್ಟು ಹೋಗುತ್ತೆ. ಎಲೆ ತಯಾರಿಸಿದ ಸಕ್ಕರೆ ಸಾಗುವ ನಾಳ ಕಟ್ಟಿಕೊಳ್ಳುತ್ತೆ. ನಾನು ಓದಿದ ಎಂಜಿನಿಯರಿಂಗ್ ಭಾಷೇಲಿ, ಪೈಪ್ ಬ್ಲಾಕ್. ಬೇರು ಹಸಿದು ಸಾಯುತ್ತೆ. ವಾಸಿ ಮಾಡೋ ಔಷಧ ಇಲ್ಲ. ಕೊಡಗಿನ ಕಿತ್ತಳೆ ಸೊರಗಿದ್ದಕ್ಕೆ ಇದೂ ಒಂದು ಕಾರಣ. ಫ್ಲಾರಿಡಾದಲ್ಲಿ 2005ರಲ್ಲಿ ಪತ್ತೆಯಾಯ್ತು. ಚಂಡಮಾರುತಗಳ ಪೆಟ್ಟೂ ಸೇರಿ, 20 ವರ್ಷದಲ್ಲಿ ಕಿತ್ತಳೆ ಇಳುವರಿ ಶೇ. 90ಕ್ಕೂ ಹೆಚ್ಚು ಕುಸಿಯಿತು.

ಟೆಕ್ಸಾಸ್‌ನ ವಿಜ್ಞಾನಿ ಎರಿಕ್ ಮಿರ್ಕೋವ್ ಪಾಲಕ್ ಸೊಪ್ಪಿನ (ನಮ್ಮ ಬಸಳೆ ಅಲ್ಲ ಮತ್ತೆ) ರಕ್ಷಣಾ ಜೀನನ್ನು ಕಿತ್ತಳೆಗೆ ಸೇರಿಸಿದರು. ಇದು ಹೊರಗಿನ ಜೀನ್ ತರುವ ದಾರಿ. ಇನ್ನೊಂದು ದಾರಿ ಕ್ರಿಸ್ಪರ್. ಕಜ್ಜಿ ಬ್ಯಾಕ್ಟೀರಿಯಾ ಗಿಡದ್ದೇ ಒಂದು ಜೀನನ್ನು ಆನ್ ಮಾಡಿಕೊಂಡು ಬೆಳೆಯುತ್ತೆ. ಆ ಸ್ವಿಚ್ಚನ್ನೇ ಕತ್ತರಿಸಿಬಿಡೋದು.

ನಮ್ಮಲ್ಲಿ ಈ ವ್ಯತ್ಯಾಸ ದೊಡ್ಡದು. ಬಿಟಿ ಬದನೆಗೆ 2010ರಲ್ಲಿ ಕೇಂದ್ರ ತಡೆ ಹಾಕಿತು. ಹೊರಗಿನ ಜೀನ್ ಇಲ್ಲದ ತಿದ್ದುಪಡಿಗೆ 2022ರಲ್ಲಿ ನಿಯಮ ಸಡಿಲಿಸಿತು. ಆದರೆ ತಿದ್ದಿದ ಗಿಡದ ಪೇಟೆಂಟ್ ಯಾರದ್ದು? ಕಸಿ ಕಟ್ಟಿ ನೆರೆಮನೆಗೆ ಕೊಡಬಹುದಾ? ರೈತ ಮೊದಲು ಕೇಳಬೇಕಾದ್ದು ಇದನ್ನೇ ಅನ್ನೋದು ನನ್ನ ವಾದ.

ಅಲ್ಲೀವರೆಗೆ ನರ್ಸರಿಯಲ್ಲಿ ಒಂದು ಮಾತು ಕೇಳಿ: ಕಸಿ ಕಡ್ಡಿ ಯಾವ ಮರದ್ದು, ಪರೀಕ್ಷೆ ಆಗಿದೆಯಾ? ಗ್ರೀನಿಂಗ್ ಕೀಟದಿಂದಷ್ಟೇ ಅಲ್ಲ, ಕಸಿಯಿಂದಲೂ ಬರುತ್ತೆ.