ಜಡಿಮಳೆಯ ದಿನಗಳಲ್ಲಿ ಎಳೆಯ ಮಕ್ಕಳ ಆಟಪಾಟ

ಮುಂಗಾರು ಮಳೆಯು ರೈತನ ಬಾಳಿಗೆ ಆಧಾರ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡು ಹಾಗೂ ಕರಾವಳಿಯ ಹಳ್ಳಿಗಳಲ್ಲಿ ಮಳೆಯು ದಿನಗಟ್ಟಲೆ ಬಿಡದೆ ಸುರಿಯುವುದುಂಟು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಬಹುಪಾಲು ಬೀಳುವುದು ಈ ನಾಲ್ಕು ತಿಂಗಳುಗಳಲ್ಲಿಯೇ. ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡರೆ ಅಂಗಳವು ಕೆಸರಾಗುತ್ತದೆ, ಹಳ್ಳಕೊಳ್ಳಗಳು ತುಂಬುತ್ತವೆ, ಅಂಗನವಾಡಿಗೂ ಶಾಲೆಗೂ ರಜೆ ಘೋಷಿಸಬೇಕಾಗುತ್ತದೆ. ಅದೇ ಸಮಯದಲ್ಲಿ ಗದ್ದೆಯ ನಾಟಿ, ತೋಟದ ಔಷಧಿ ಸಿಂಪರಣೆ ಮೊದಲಾದ ಕೆಲಸಗಳೂ ಒದಗಿ ಬರುತ್ತವೆ. ದೊಡ್ಡವರಿಗೆ ಬಿಡುವಿಲ್ಲ, ಮಕ್ಕಳಿಗೆ ಹೊರಗೆ ಹೋಗುವಂತಿಲ್ಲ. ಇಂತಹ ದಿನಗಳಲ್ಲಿ ಎಳೆಯ ಮಕ್ಕಳನ್ನು ಮನೆಯೊಳಗೆ ಹೇಗೆ ಆಡಿಸಬೇಕೆಂಬುದು ಪ್ರತಿಯೊಬ್ಬ ತಾಯ್ತಂದೆಯರೂ ಆಲೋಚಿಸಬೇಕಾದ ವಿಷಯವಾಗಿದೆ.

ಆಟವು ಏಕೆ ಬೇಕು?

ಮಗುವು ಸದ್ದಿಲ್ಲದೆ ಒಂದೆಡೆ ಕುಳಿತಿದ್ದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಮಗುವಿನ ಬೆಳವಣಿಗೆಗೆ ಆಹಾರ, ನಿದ್ರೆ, ಲಸಿಕೆ ಇವು ಎಷ್ಟು ಅವಶ್ಯಕವೋ ಆಟವೂ ಅಷ್ಟೇ ಅವಶ್ಯಕ. ಮನುಷ್ಯನ ಮೆದುಳಿನ ಬೆಳವಣಿಗೆಯ ಹೆಚ್ಚಿನ ಭಾಗವು ಐದು ವರ್ಷ ತುಂಬುವುದರೊಳಗೆ ಮುಗಿದಿರುತ್ತದೆ. ನೋಡುವುದು, ಮುಟ್ಟುವುದು, ಎತ್ತಿಡುವುದು, ಮಾತನಾಡುವುದು, ಉತ್ತರ ಪಡೆಯುವುದು, ಇವೆಲ್ಲವೂ ಬೆಳೆಯುತ್ತಿರುವ ಮೆದುಳಿಗೆ ಗೊಬ್ಬರವಿದ್ದಂತೆ.

ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನವಿಡೀ ಸೇರಿ ಕನಿಷ್ಠ 180 ನಿಮಿಷಗಳಷ್ಟು ಕಾಲ ಮೈಕೈ ಆಡಿಸಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ಮಾಡಿದೆ. ಮಳೆ ಬಂದಿತೆಂದು ಈ ಅವಶ್ಯಕತೆಯು ಕಡಿಮೆಯಾಗುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಕಾರಣವಿದೆ. ನಾವು ಆಟ ಕೊಡದಿದ್ದರೆ ಮಗುವು ತನ್ನ ಆಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಯು ಗದ್ದೆಗೆ ಹೋಗಿದ್ದಾನೆ. ತಾಯಿಯು ಒಲೆಯ ಮುಂದಿದ್ದಾಳೆ. ಎರಡೂವರೆ ವರ್ಷದ ಮಗುವಿಗೆ ಮಾಡಲು ಏನೂ ಇಲ್ಲ. ಬಚ್ಚಲಿನ ಹಂಡೆಯಲ್ಲಿ ಬಿಸಿನೀರಿದೆ, ಮೂಲೆಯಲ್ಲಿ ಅಡಿಕೆ ತೋಟಕ್ಕೆಂದು ತಂದ ನೀಲಿ ಬಣ್ಣದ ಮೈಲುತುತ್ತವಿದೆ, ಕಿಟಕಿಯ ಮೇಲೆ ಹಳೆಯ ಪಾನೀಯದ ಬಾಟಲಿಯಲ್ಲಿ ಪೆಟ್ರೋಲ್ ಇದೆ. ಮಗುವಿನ ಕಣ್ಣಿಗೆ ಇವೆಲ್ಲವೂ ಆಟಿಕೆಗಳೇ. ಆದುದರಿಂದ ಆಟ ಕಲ್ಪಿಸಿಕೊಡುವುದೆಂದರೆ ಮಗುವಿನ ಪ್ರಾಣವನ್ನು ಕಾಪಾಡುವ ಕೆಲಸವೂ ಹೌದು.

ಮೊದಲು ಆಟದ ಜಾಗ

ಮನೆಯಲ್ಲಿ ಒಲೆ, ಬಚ್ಚಲು ಹಾಗೂ ಬಾವಿಕಟ್ಟೆಯಿಂದ ದೂರವಾದ ಒಂದು ಜಾಗವನ್ನು ಆಟಕ್ಕೆಂದು ಗೊತ್ತುಮಾಡಿಕೊಳ್ಳಬೇಕು. ನಡುಮನೆಯ ಒಂದು ಮೂಲೆಯಾಗಲಿ, ಎರಚಲು ಬೀಳದ ಜಗಲಿಯಾಗಲಿ ಸಾಕು. ನೆಲದ ಮೇಲೆ ಚಾಪೆಯನ್ನೋ ದಪ್ಪ ಕಂಬಳಿಯನ್ನೋ ಹಾಸಿದರೆ ಥಂಡಿ ತಾಕದು. ಅಲ್ಲಿಗೆ ಬೆಳಕು ಬರಬೇಕು, ಒಲೆಯ ಹೊಗೆ ಬರಬಾರದು. ಬೆಚ್ಚಗಿರಲೆಂದು ಕೂಸನ್ನು ಒಲೆಯ ಬದಿಯಲ್ಲಿ ಮಲಗಿಸುವ ರೂಢಿಯು ಕೆಲವೆಡೆ ಇದೆ. ಹೊಗೆಯು ಎಳೆಯ ಶ್ವಾಸಕೋಶಗಳಿಗೆ ಕೆಡುಕು. ಅದರಿಂದ ನ್ಯುಮೋನಿಯಾ ಬರುವ ಸಂಭವವು ಹೆಚ್ಚುತ್ತದೆ.

ಮಳೆಗಾಲದಲ್ಲಿ ಹಾವು, ಚೇಳುಗಳು ಒಣ ಜಾಗವನ್ನು ಹುಡುಕಿಕೊಂಡು ಮನೆಯೊಳಗೆ ಬರುತ್ತವೆ. ಸೌದೆಯ ರಾಶಿ, ಗೋಣಿಚೀಲಗಳ ಅಟ್ಟಿ ಇವುಗಳ ಪಕ್ಕದಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಚಾಪೆಯನ್ನು ಪ್ರತಿದಿನವೂ ಕೊಡವಿಯೇ ಹಾಸಬೇಕು.

ವಯಸ್ಸಿಗೆ ತಕ್ಕ ಆಟಗಳು

1. ಒಂದು ವರ್ಷದೊಳಗಿನ ಕೂಸು: ಈ ವಯಸ್ಸಿನ ಕೂಸಿಗೆ ತಾಯಿಯ ಮುಖಕ್ಕಿಂತ ಮಿಗಿಲಾದ ಆಟಿಕೆಯಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ತೆರೆಯುವುದು, ಕೂಸು ಮಾಡಿದ ಸದ್ದನ್ನೇ ತಿರುಗಿ ಮಾಡಿ ತೋರಿಸುವುದು, ಗಿಲಕಿಯನ್ನು ಆಡಿಸಿ ಅದು ತಲೆ ಹೊರಳಿಸುವಂತೆ ಮಾಡುವುದು, ಇವೆಲ್ಲವೂ ಆಟಗಳೇ. ಇನ್ನೂ ಅಂಬೆಗಾಲಿಡದ ಕೂಸನ್ನು ಎಚ್ಚರವಾಗಿರುವಾಗ, ದೊಡ್ಡವರು ಎದುರಿಗಿದ್ದು, ಚಾಪೆಯ ಮೇಲೆ ಆಗಾಗ್ಗೆ ಬೋರಲು ಮಲಗಿಸಬೇಕು. ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಹೀಗೆ ಆಡಿದರೆ ಕತ್ತು, ಬೆನ್ನುಗಳು ಬಲಿಯುತ್ತವೆ. ನಿದ್ರೆಗೆ ಮಾತ್ರ ಅಂಗಾತ ಮಲಗಿಸಬೇಕು. ದಿನವಿಡೀ ತೊಟ್ಟಿಲಲ್ಲಿಯೇ ಬಿಡುವುದು ಒಳ್ಳೆಯದಲ್ಲ.

2. ಒಂದರಿಂದ ಮೂರು ವರ್ಷ: ಇದು ಎತ್ತುವ, ಇಳಿಸುವ, ತುಂಬುವ, ಸುರಿಯುವ ವಯಸ್ಸು. ಒಂದರೊಳಗೊಂದು ಕೂರುವ ನಾಲ್ಕೈದು ಸ್ಟೀಲ್ ಬಟ್ಟಲುಗಳು, ತೆಂಗಿನ ಚಿಪ್ಪುಗಳು, ಹಳೆಯ ಬಟ್ಟೆಯಿಂದ ಸುತ್ತಿದ ಚೆಂಡು, ಇಷ್ಟಿದ್ದರೆ ಒಂದು ಬೆಳಗನ್ನು ಕಳೆಯಬಹುದು. ತೋಟವಿರುವ ಮನೆಗಳಲ್ಲಿ ಅಡಿಕೆಯ ಹಾಳೆಗೆ ಕೊರತೆಯಿಲ್ಲ. ಮಗುವನ್ನು ಹಾಳೆಯ ಮೇಲೆ ಕುಳ್ಳಿರಿಸಿ ಜಗಲಿಯ ಉದ್ದಕ್ಕೂ ಮೆಲ್ಲಗೆ ಎಳೆಯುವ ಆಟವು ಹಿಂದಿನಿಂದಲೂ ಬಂದುದು. ಎಳೆಯುವವರಿಗೂ ಕುಳಿತವರಿಗೂ ಅದರಿಂದ ವ್ಯಾಯಾಮವುಂಟು. ಎರಡು ವರ್ಷ ದಾಟಿದ ಮಗುವು ಕಪ್ಪೆಯಂತೆ ಕುಪ್ಪಳಿಸುವುದು, ಆನೆಯಂತೆ ತೂಗಾಡುತ್ತ ನಡೆಯುವುದು, ನೆಲದ ಮೇಲೆ ಸೀಮೆಸುಣ್ಣದಿಂದ ಗೀಚುವುದು ಇವುಗಳನ್ನು ಬಲು ಸಂತೋಷದಿಂದ ಮಾಡುತ್ತದೆ.

ಈ ವಯಸ್ಸಿನ ಮಗುವು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಆದುದರಿಂದ ಅದರ ಮುಷ್ಟಿಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಆಟಕ್ಕೆ ಕೊಡಬಾರದು. ಹುಣಸೆಬೀಜ, ಕಡಲೆಕಾಯಿ ಬೀಜ, ಗುಂಡಿ, ನಾಣ್ಯ, ಗಡಿಯಾರದ ಚಿಕ್ಕ ಬ್ಯಾಟರಿ ಮೊದಲಾದುವು ಗಂಟಲಿಗೆ ಸಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಬಹುದು. ಗುಂಡನೆಯ ಚಿಕ್ಕ ಬ್ಯಾಟರಿಯು ಹೊಟ್ಟೆಯ ದಾರಿಯಲ್ಲಿ ನಿಂತರೆ ಒಳಗೆ ಸುಟ್ಟು ಹುಣ್ಣಾಗುತ್ತದೆ; ನುಂಗಿದ ಸಂಶಯವಿದ್ದರೂ ಆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

3. ಮೂರರಿಂದ ಆರು ವರ್ಷ: ಈ ಮಕ್ಕಳಿಗೆ ಕಥೆ, ಒಗಟು, ಲೆಕ್ಕ ಹಾಗೂ ಅಣಕದ ಆಟಗಳು ಹಿತವೆನಿಸುತ್ತವೆ. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಚೆನ್ನೆಮಣೆಯ ಕಾಲ. ಹೊರಗಿನ ಕೆಲಸಕ್ಕೆ ಮಳೆಯು ಅಡ್ಡಿಯಾದಾಗ ಒಳಗೆ ಕುಳಿತು ಆಡಲೆಂದು ಹಿರಿಯರು ಉಳಿಸಿಕೊಂಡು ಬಂದ ಆಟವಿದು. ಘಟ್ಟದ ಮೇಲೆ ಇದನ್ನೇ ಅಳಗುಳಿಮಣೆಯೆಂದು ಕರೆಯುವುದುಂಟು. ಚೆನ್ನೆಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳಿರುತ್ತವೆ. ಗುಳಿಗೆ ನಾಲ್ಕರಂತೆ ಕಾಳು ಹಾಕಿದರೆ ಒಟ್ಟು 56 ಕಾಳುಗಳಾಗುತ್ತವೆ. ಐದು ವರ್ಷದ ಮಗುವಿಗೆ ಆಟದ ನಿಯಮಗಳೆಲ್ಲ ತಿಳಿಯದಿದ್ದರೂ ಗುಳಿಗೊಂದರಂತೆ ಕಾಳು ಬಿಡುತ್ತ ಹೋಗುವುದರಲ್ಲಿಯೇ ಎಣಿಕೆಯನ್ನೂ ತಾಳ್ಮೆಯನ್ನೂ ಕಲಿಯುತ್ತದೆ.

ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಅದು ಮಲಗಿದ್ದಾಗ ಮಾತ್ರ ಈ ಆಟವನ್ನು ಆಡುವುದು ಕ್ಷೇಮ. ಆಟ ಮುಗಿದೊಡನೆ 56 ಕಾಳುಗಳನ್ನೂ ದೊಡ್ಡ ಮಗುವಿನಿಂದಲೇ ಎಣಿಸಿ ಚೀಲಕ್ಕೆ ಹಾಕಿಸಿರಿ. ಒಂದು ಕಾಳು ಕಡಿಮೆ ಬಂದರೂ ಅದು ಸಿಗುವವರೆಗೆ ಹುಡುಕಬೇಕು. ಕಪ್ಪು ಕಣ್ಣುಳ್ಳ ಕೆಂಪು ಗುಲಗಂಜಿಯನ್ನು, ಹರಳು ಬೀಜವನ್ನು ಯಾವ ಆಟಕ್ಕೂ ಬಳಸಬಾರದು. ಅವನ್ನು ಅಗಿದರೆ ಹೊರಬರುವ ವಿಷವು ಪ್ರಾಣಾಪಾಯಕರವಾದುದು.

ಸಂಜೆ ವಿದ್ಯುತ್ತು ಹೋದಾಗ ಬ್ಯಾಟರಿಯ ಬೆಳಕಿನಲ್ಲಿ ಗೋಡೆಯ ಮೇಲೆ ಕೈಬೆರಳುಗಳಿಂದ ಮೊಲ, ಹಕ್ಕಿ, ನಾಯಿಗಳ ನೆರಳನ್ನು ಮೂಡಿಸಬಹುದು. ಕತ್ತಲೆಯೆಂದರೆ ಹೆದರುವ ಮಗುವಿಗೆ ಇದು ಧೈರ್ಯವನ್ನೂ ಕೊಡುತ್ತದೆ. ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಕಥೆ ಹೇಳುವ ಹೊಣೆಯನ್ನು ಅವರಿಗೆ ಒಪ್ಪಿಸಿರಿ, ಕಥೆಯ ನಡುವೆ “ಮುಂದೇನಾಯಿತು?” ಎಂದು ಮಗುವನ್ನೇ ಕೇಳುವಂತೆ ಹೇಳಿರಿ.

ಕಣ್ಣಾಮುಚ್ಚಾಲೆಯು ಎಲ್ಲರಿಗೂ ಪ್ರಿಯವಾದ ಆಟ. ಆದರೆ ಭತ್ತದ ಪತ್ತಾಯ, ಮುಚ್ಚಳವುಳ್ಳ ಮರದ ಪೆಟ್ಟಿಗೆ, ಹಳೆಯ ಫ್ರಿಜ್ ಇವುಗಳೊಳಗೆ ಅಡಗಬಾರದೆಂದು ಆಟಕ್ಕೆ ಮೊದಲೇ ತಿಳಿಹೇಳಬೇಕು. ಮುಚ್ಚಳ ಬಿದ್ದರೆ ಒಳಗಿನ ಮಗುವಿನ ಕೂಗು ಮಳೆಯ ಸದ್ದಿನಲ್ಲಿ ಕೇಳಿಸದೆ ಹೋಗಬಹುದು. ಅಂತಹ ಪೆಟ್ಟಿಗೆಗಳಿಗೆ ಬೀಗ ಹಾಕಿಡುವುದೇ ಲೇಸು.

ಮನೆಗೆಲಸವೂ ಆಟವೇ

ಕೆಲಸ ಬಿಟ್ಟು ಮಕ್ಕಳೊಡನೆ ಆಡಲು ಸಮಯವೆಲ್ಲಿದೆ ಎಂದು ತಾಯಂದಿರು ಕೇಳುವುದು ನ್ಯಾಯವೇ ಆಗಿದೆ. ಆದರೆ ಎಳೆಯ ಮಗುವಿಗೆ ಕೆಲಸ ಬೇರೆ, ಆಟ ಬೇರೆ ಎಂಬ ಭೇದವಿಲ್ಲ. ಬೀನ್ಸನ್ನು ಮುರಿಯುವುದು, ಸೊಪ್ಪನ್ನು ಬಿಡಿಸುವುದು, ಒಣಗಿದ ಬಟ್ಟೆಗಳಲ್ಲಿ ಅಪ್ಪನದು ಯಾವುದು, ಅಕ್ಕನದು ಯಾವುದು ಎಂದು ವಿಂಗಡಿಸುವುದು, ರೊಟ್ಟಿಯ ಹಿಟ್ಟಿನಲ್ಲಿ ಒಂದು ಉಂಡೆ ಪಡೆದು ತನ್ನದೇ ರೊಟ್ಟಿ ತಟ್ಟುವುದು, ಇವುಗಳಲ್ಲಿ ಮೂರು ವರ್ಷದ ಮಗುವು ಅರ್ಧ ಗಂಟೆ ಮೈಮರೆಯಬಲ್ಲುದು. ಜೊತೆಗೆ ತಾಯಿಯ ಮಾತೂ ಇದ್ದರೆ ಹತ್ತಾರು ಹೊಸ ಪದಗಳನ್ನು ಕಲಿಯುತ್ತದೆ. ಹೆಣ್ಣು ಮಗುವಿಗೆ ಪಾತ್ರೆ, ಗಂಡು ಮಗುವಿಗೆ ಚೆಂಡು ಎಂದು ಪಾಲು ಮಾಡುವುದು ಬೇಡ. ಎರಡೂ ಇಬ್ಬರಿಗೂ ಇರಲಿ. ಒಂದು ಆಟದಲ್ಲಿ ಎಳೆಯ ಮಗುವಿನ ಮನಸ್ಸು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಸರ ತೋರಿದೊಡನೆ ಇನ್ನೊಂದಕ್ಕೆ ಹೊರಳಿಸಬೇಕು. ಇರುವ ಆಟಿಕೆಗಳಲ್ಲಿ ಅರ್ಧವನ್ನು ಎತ್ತಿಟ್ಟು ನಾಲ್ಕು ದಿನಗಳ ಬಳಿಕ ತೆಗೆದುಕೊಟ್ಟರೆ ಅವು ಹೊಸದರಂತೆಯೇ ಕಾಣುತ್ತವೆ.

ಮೊಬೈಲ್ ಫೋನಿನ ಮೋಹ

ಮಗುವನ್ನು ಸುಮ್ಮನಿರಿಸಲು ಇಂದು ಸುಲಭವಾಗಿ ಸಿಗುವ ಸಾಧನವೆಂದರೆ ಮೊಬೈಲ್ ಫೋನು. ಎರಡು ವರ್ಷದೊಳಗಿನ ಮಕ್ಕಳಿಗೆ ಫೋನು, ದೂರದರ್ಶನಗಳ ಪರದೆಯನ್ನು ತೋರಿಸಲೇಬಾರದು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ ಎಂಬುದು ಮಕ್ಕಳ ತಜ್ಞರ ಸಲಹೆ. ಪರದೆಯು ಮಾತನಾಡುತ್ತದೆ, ಆದರೆ ಮಗುವು ಆಡಿದ ಮಾತಿಗೆ ಮರುಮಾತು ಕೊಡುವುದಿಲ್ಲ. ಮಗುವಿಗೆ ಮಾತು ಬರುವುದು ಮರುಮಾತಿನಿಂದ. ಊಟ ಮಾಡಿಸುವಾಗಲಂತೂ ಫೋನನ್ನು ಕೊಡುವುದೇ ಬೇಡ. ಹೊಟ್ಟೆ ತುಂಬಿತೋ ಇಲ್ಲವೋ ಎಂಬುದನ್ನು ತಿಳಿಯದೆ ನುಂಗುವ ಅಭ್ಯಾಸವು ಬೆಳೆಯುತ್ತದೆ.

ಹೆದರಿಸಬೇಡಿ

ಮಗುವು ಹಠ ಮಾಡಿದಾಗ ಗುಮ್ಮನನ್ನು ಕರೆಯುತ್ತೇನೆ, ಡಾಕ್ಟರಿಂದ ಸೂಜಿ ಚುಚ್ಚಿಸುತ್ತೇನೆ ಎಂದು ಹೆದರಿಸುವವರುಂಟು. ಹೀಗೆ ಹೆದರಿಸಿದ ಮಗುವು ಲಸಿಕೆಯ ದಿನ ಆರೋಗ್ಯ ಕೇಂದ್ರದ ಬಾಗಿಲಲ್ಲಿಯೇ ಚೀರಲಾರಂಭಿಸುತ್ತದೆ. ವೈದ್ಯರನ್ನು ಕಂಡು ಭಯಪಡುವ ಮಗುವನ್ನು ಕಾಯಿಲೆಯಲ್ಲಿ ಪರೀಕ್ಷಿಸುವುದೂ ಕಷ್ಟ. ಹೊಡೆತವೂ ಸಲ್ಲದು. ಒಳಗೇ ಇದ್ದು ಬೇಸತ್ತ ಮಗುವಿನ ಹಠಕ್ಕೆ ಮದ್ದು ಆಟವೇ ಹೊರತು ಭಯವಲ್ಲ.

ನೀರು, ಬೆಂಕಿ, ವಿಷ: ಮೂರು ಎಚ್ಚರಿಕೆಗಳು

ಕಾಗದದ ದೋಣಿಯಿಲ್ಲದೆ ಮಳೆಗಾಲವಿಲ್ಲ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ದೋಣಿ ಬಿಡಿಸಿರಿ. ಆದರೆ ಆಟ ಮುಗಿಯುವವರೆಗೂ ದೊಡ್ಡವರೊಬ್ಬರು ಪಕ್ಕದಲ್ಲಿಯೇ ಕುಳಿತಿರಬೇಕು. ಆಟ ಮುಗಿದೊಡನೆ ನೀರನ್ನು ಚೆಲ್ಲಬೇಕು. ಬಕೆಟ್ಟಿನಲ್ಲಿ ಗೇಣುದ್ದಕ್ಕಿಂತ ಕಡಿಮೆ ನೀರಿದ್ದರೂ ತಲೆಕೆಳಗಾಗಿ ಬಿದ್ದ ಎಳೆಯ ಮಗುವು ಮುಳುಗಿ ಸಾಯಬಹುದು. ಸೂರಿನ ನೀರು ಹಿಡಿಯಲು ಇಟ್ಟ ಪಾತ್ರೆಗಳನ್ನು ಮುಚ್ಚಿಡಿ. ಬಾವಿಗೆ ಕಟ್ಟೆ, ಮುಚ್ಚಳಗಳಿರಲಿ.

ಬಿಸಿನೀರು, ಗಂಜಿ, ಸಾರು ಮೈಮೇಲೆ ಬಿದ್ದರೆ ಸುಟ್ಟ ಜಾಗದ ಮೇಲೆ ಸುಮಾರು 20 ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಡಬೇಕು. ಟೂತ್‌ಪೇಸ್ಟು, ಸಗಣಿ, ಶಾಯಿ ಮುಂತಾದುವನ್ನು ಹಚ್ಚಬಾರದು. ಪೆಟ್ರೋಲ್, ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶದೊಳಗೆ ಇಳಿದು ಅಪಾಯವನ್ನು ಹೆಚ್ಚಿಸುತ್ತದೆ. ಮೈಲುತುತ್ತ, ಕೀಟನಾಶಕ, ಕಳೆನಾಶಕಗಳನ್ನು ಬೀಗವುಳ್ಳ ಜಾಗದಲ್ಲಿಡಬೇಕು. ಪಾನೀಯದ ಬಾಟಲಿಗಳಿಗೆ ಎಂದಿಗೂ ಸುರಿದಿಡಬಾರದು. ಇಂತಹ ಅನಾಹುತವಾದಾಗ 108ಕ್ಕೆ ಕರೆ ಮಾಡಿ, ಮಗುವಿನೊಡನೆ ಆ ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿರಿ.

ತಂದೆಯ ಪಾಲು

ಮಕ್ಕಳನ್ನು ಆಡಿಸುವುದು ಹೆಂಗಸರ ಕೆಲಸವೆಂಬ ತಪ್ಪು ತಿಳುವಳಿಕೆಯನ್ನು ಗಂಡಸರು ಬಿಡಬೇಕು. ತಾಯಿಯೊಬ್ಬಳೇ ಅಡಿಗೆ, ಕೊಟ್ಟಿಗೆ, ಕೂಸು, ದೊಡ್ಡ ಮಗು ಎಲ್ಲವನ್ನೂ ನೋಡಿಕೊಳ್ಳುವಾಗ ಒಂದು ಕ್ಷಣ ಕಣ್ತಪ್ಪುವುದು ಸಹಜ. ಅಪಘಾತಗಳು ಆಗುವುದು ಆ ಕ್ಷಣದಲ್ಲಿಯೇ. ಸಂಜೆ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಒಣಬಟ್ಟೆ ಉಟ್ಟ ತಂದೆಯು ಅಡಿಗೆಯಾಗುವವರೆಗಿನ ಅರ್ಧ ಗಂಟೆಯನ್ನು ಮಕ್ಕಳಿಗೆಂದು ಮೀಸಲಿಡಲಿ. ಹಾಳೆ ಎಳೆಯುವುದು, ಬೆನ್ನಮೇಲೆ ಉಪ್ಪುಮೂಟೆ ಹೊರುವುದು, ಗೋಡೆಯ ಮೇಲೆ ನೆರಳು ಮೂಡಿಸುವುದು, ಇವನ್ನು ಅವನು ಮಾಡಿದರೆ ಮಗುವಿಗೆ ಆಟವಾಗುತ್ತದೆ, ಮಗುವು ಒಲೆಯಿಂದ ದೂರವಿರುತ್ತದೆ, ತಾಯಿಗೂ ನೆಮ್ಮದಿಯಾಗುತ್ತದೆ. ಬೆಳಗಿನ ಹೊತ್ತು ಯಾರು ಮಗುವಿನ ಮೇಲೆ ಕಣ್ಣಿಡಬೇಕು, ಮಧ್ಯಾಹ್ನ ಯಾರು ಎಂಬುದನ್ನು ಗಂಡಹೆಂಡಿರು ಮೊದಲೇ ಮಾತನಾಡಿಕೊಳ್ಳುವುದು ಒಳಿತು. ಆರೇಳು ವರ್ಷದ ಅಕ್ಕನಿಗೋ ಅಣ್ಣನಿಗೋ ಈ ಹೊಣೆಯನ್ನು ಪೂರ್ತಿಯಾಗಿ ವಹಿಸಲಾಗದು, ಅವರೂ ಮಕ್ಕಳೇ.

ಮಳೆಯು ಹೊಳವಾದಾಗ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯಿರಿ. ಕಾಲಿಗೆ ಚಪ್ಪಲಿಯಿರಲಿ, ಒಳಗೆ ಬಂದೊಡನೆ ಸೋಪಿನಿಂದ ಕೈಕಾಲು ತೊಳೆಸಿ, ಒದ್ದೆ ಬಟ್ಟೆ ಬದಲಿಸಿದರೆ ಹೆದರಬೇಕಾದುದಿಲ್ಲ. ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ವಯಸ್ಸಿಗೆ ಒಪ್ಪುವ ಇನ್ನಷ್ಟು ಆಟಗಳನ್ನು ತಿಳಿಸಿಕೊಡುತ್ತಾರೆ. ಇವಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಬೇಕಾದುದು ಒಂದು ಚಾಪೆಯಷ್ಟು ಜಾಗ, ಒಂದಿಷ್ಟು ಹೊತ್ತು, ಮಗುವಿನ ಮಾತಿಗೆ ಕಿವಿಗೊಡುವ ತಾಯ್ತಂದೆಯರು. ಈ ಬಾರಿಯ ಮಳೆಯು ಹಿಡಿಯುವ ಮುನ್ನವೇ ದಂಪತಿಗಳಿಬ್ಬರೂ ಕೂಡಿ ಆ ಜಾಗವನ್ನು ಗೊತ್ತುಮಾಡಿ, ವಿಷದ ಬಾಟಲಿಗಳಿಗೆ ಬೀಗ ಹಾಕಿ, ಅಟ್ಟದ ಮೇಲಿನ ಚೆನ್ನೆಮಣೆಯನ್ನು ಕೆಳಗಿಳಿಸಿಕೊಳ್ಳಿರಿ.