ಮುದ್ದೆ, ನಿದ್ರೆ, ಮೈತೂಕ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಮೈತೂಕದ ಮಾತು ಬಂದಾಗಲೆಲ್ಲ ಎರಡು ನಂಬಿಕೆಗಳು ಜೊತೆಯಾಗಿ ಕೇಳಿಬರುತ್ತವೆ: ಹೆಚ್ಚು ನಿದ್ದೆ ಮಾಡುವವನು ಊದಿಕೊಳ್ಳುತ್ತಾನೆಂಬುದೊಂದು, ಅನ್ನವನ್ನು ಬಿಟ್ಟು ಮುದ್ದೆಗೆ ಮರಳಿದರೆ ಬೊಜ್ಜು ತಾನಾಗಿ ಕರಗುತ್ತದೆಂಬುದು ಇನ್ನೊಂದು. ಎರಡನೆಯದರಲ್ಲಿ ಅಲ್ಪಸ್ವಲ್ಪ ಸತ್ಯಾಂಶವುಂಟು. ಮೊದಲನೆಯದಾದರೋ ಬಹುಮಟ್ಟಿಗೆ ಸತ್ಯಕ್ಕೆ ವಿಮುಖವಾದುದು.

ಕೃಷ್ಣರಾಜನಗರದ ನಾಲೆಯ ಬಯಲು ಬತ್ತದ ಸೀಮೆ. ಮಳೆಯನ್ನೇ ನೆಚ್ಚಿದ ಉಳಿದ ತಾಲ್ಲೂಕುಗಳಲ್ಲಿ ರಾಗಿಯೇ ಪ್ರಧಾನವಾಗಿದ್ದು, ಅನ್ನವು ಮುದ್ದೆಯ ತರುವಾಯ ಬಡಿಸುವ ಹಿಡಿಯಷ್ಟಾಗಿತ್ತು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಗಿ ಕಿಲೋ ಅಕ್ಕಿ ಒಂದು ರೂಪಾಯಿಗೆ ದೊರೆತ ಮೇಲೆ ಬಡವರು ಹಸಿವಿಗೆ ಅಂಜದೆ ಉಣ್ಣುವಂತಾದುದು ಸಣ್ಣ ಸಂಗತಿಯಲ್ಲ. ಬೊಜ್ಜಿನ ಹೊಣೆಯನ್ನೆಲ್ಲ ಆ ಅಕ್ಕಿಯ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲರಿ ಶಕ್ತಿಯಿದೆ. ರಾಗಿಯ ಹಿರಿಮೆಯಿರುವುದು ಅದರ ನಾರಿನಲ್ಲಿ, ಸುಣ್ಣಾಂಶದಲ್ಲಿ. ಹೊಲದ ದುಡಿಮೆಗೆ ತಕ್ಕಂತೆ ಕಟ್ಟುತ್ತಿದ್ದ ಎರಡು ಮುದ್ದೆಗಳನ್ನು ದಿನವೆಲ್ಲ ಕುಳಿತು ಕೆಲಸ ಮಾಡುವವನು ಉಂಡರೆ ಅವೂ ಮೈಗೇ ಸೇರುತ್ತವೆ.

ಇನ್ನು ನಿದ್ರೆ. ಈ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲವನ್ನು ಕಂಡವರಿಗೆ ನಿದ್ರಾಭಂಗದ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಡ್ಡಿಗೆ ಕಟ್ಟಿದ ಎಲೆಯನ್ನು ಬೇಯಿಸುವ ಮನೆಯಾದ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿವಸ ಬೆಂಕಿ ಆರಕೂಡದು. ಮೊದಲು ಎಲೆ ಹಳದಿಯಾಗುವಷ್ಟು ಮಂದವಾದ ಶಾಖ, ಕಡೆಗೆ ಎಲೆಯ ನಡುದಂಟು ಒಣಗುವಂತೆ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನಷ್ಟು. ನಡುರಾತ್ರಿಯಲ್ಲಿ ಶಾಖ ಇಳಿದರೆ ವರ್ಷದ ದುಡಿಮೆಯೇ ಹಾಳಾದೀತೆಂಬ ಭಯದಿಂದ ರೈತನು ಒಲೆಗೆ ಸೌದೆ ನೂಕುತ್ತ, ಸಕ್ಕರೆ ಹೆಚ್ಚಾದ ಟೀ ಕುಡಿಯುತ್ತ, ಕೈಗೆ ಸಿಕ್ಕಿದ ಕುರುಕಲನ್ನು ಮೆಲ್ಲುತ್ತ ಬೆಳಗು ಮಾಡುತ್ತಾನೆ. ಆ ಹೊತ್ತಿನ ಹಸಿವು ನಾಲಗೆಯ ಚಪಲವೆಂದು ಜರೆಯತಕ್ಕದ್ದಲ್ಲ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದವರು ಹನ್ನೆರಡು ಮಂದಿ ಆರೋಗ್ಯವಂತ ತರುಣರಿಗೆ ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ, ಹತ್ತು ಗಂಟೆ ಮಲಗಿದ ದಿನಗಳಿಗಿಂತ ಹಸಿವನ್ನು ಕೆರಳಿಸುವ ಗ್ರೆಲಿನ್ ಶೇಕಡಾ 28ರಷ್ಟು ಏರಿ, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಶೇಕಡಾ 18ರಷ್ಟು ಇಳಿಯಿತು. ಸಿಹಿ, ಉಪ್ಪು, ಪಿಷ್ಟಗಳ ಬಯಕೆ ಬಲವಾಯಿತು. ಅದೇ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಆರೂವರೆ ಗಂಟೆಗಿಂತ ಕಡಮೆ ಮಲಗುತ್ತಿದ್ದ ಅಧಿಕ ತೂಕದವರು ಗಂಟೆಗೂ ಮಿಕ್ಕು ನಿದ್ರೆಯನ್ನು ಹೆಚ್ಚಿಸಿಕೊಂಡಾಗ, ಪಥ್ಯವೇನನ್ನೂ ಹೇಳದಿದ್ದರೂ ಅವರ ದಿನದ ಆಹಾರ ಸುಮಾರು 270 ಕಿಲೋಕ್ಯಾಲರಿಯಷ್ಟು ತಗ್ಗಿತು.

ರಾತ್ರಿಯೂಟವನ್ನೇ ತೊರೆಯುವುದು ಉಪಾಯವಲ್ಲ. ಹೊತ್ತು ಮೀರಿ ಉಣ್ಣುವುದೂ ಒಳಿತಲ್ಲ, ಏಕೆಂದರೆ ರಾತ್ರಿಯ ವೇಳೆಯಲ್ಲಿ ಸಕ್ಕರೆಯನ್ನು ನಿಭಾಯಿಸುವ ದೇಹದ ಸಾಮರ್ಥ್ಯ ಹಗಲಿಗಿಂತ ಕುಂದಿರುತ್ತದೆ. ಸಂಜೆಯ ಬಳಿಕ ಕುಡಿದ ಕಾಫಿ ಟೀಗಳೂ ಹಲವು ಗಂಟೆಗಳ ಕಾಲ ನಿದ್ರೆಯನ್ನು ಕೆಡಿಸಬಲ್ಲವು.

ಗೊರಕೆಯು ಗಾಢನಿದ್ರೆಯ ಲಕ್ಷಣವೆಂಬ ಭ್ರಾಂತಿ ಇವೆಲ್ಲಕ್ಕಿಂತ ಅಪಾಯಕರ. ಕೊರಳಿನ ಸುತ್ತ ಕೊಬ್ಬು ಸೇರಿದವರಲ್ಲಿ ಶ್ವಾಸಮಾರ್ಗವು ಕುಸಿದು, ಹತ್ತು ಸೆಕೆಂಡಿಗೂ ಮಿಕ್ಕು ಉಸಿರು ಮತ್ತೆ ಮತ್ತೆ ನಿಂತು, ಎಂಟು ಗಂಟೆ ಮಲಗಿದವನೂ ಹಗಲೆಲ್ಲ ತೂಕಡಿಸುವಂತಾಗಬಹುದು. ಇದನ್ನು ವೈದ್ಯರಿಗೆ ತಿಳಿಸಲೇಬೇಕು. ಉಸಿರು ನಿಂತುದನ್ನು ಕಂಡವರು ಪಕ್ಕದಲ್ಲಿ ಮಲಗಿದ್ದ ಮನೆಯವರೇ ಆದುದರಿಂದ, ಅವರೂ ಜೊತೆಗೆ ಹೋಗುವುದು ಲೇಸು.